ದೊಡ್ಡ ಬ್ರೇಕಿನ ಮೇಲೆ ಹೊಸ ಅಲಾಯ್ ಚಕ್ರ: ಕೊಳ್ಳುವ ಮೊದಲು ಅಳೆಯುವ ಕ್ರಮ

ನಾಲ್ಕು ಅಥವಾ ಆರು ಪಿಸ್ಟನ್‌ಗಳ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಮತ್ತು ದೊಡ್ಡ ಡಿಸ್ಕು ಹಾಕಿಸಿದ ಸ್ಪೋರ್ಟ್ಸ್ ಕಾರಿಗೆ ಹೊಸ ಚಕ್ರ ಹುಡುಕುವವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ಬ್ರೇಕಿಗೆ 18 ಇಂಚು ಸಾಕೇ? ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಯಾರಿಂದ ಬಂದರೂ ಅದನ್ನು ನಂಬಿ ಹಣ ಕೊಡಬಾರದು. ಚಕ್ರದ ಒಳಗೆ ಕ್ಯಾಲಿಪರ್ ತಾಗಬಹುದಾದ ಜಾಗಗಳು ಎರಡು. ಇಂಚಿನ ಲೆಕ್ಕವು ಅವುಗಳಲ್ಲಿ ಒಂದರ ಬಗ್ಗೆ ಮಾತ್ರ, ಅದೂ ಅರ್ಧಂಬರ್ಧವಾಗಿ, ಮಾತನಾಡುತ್ತದೆ.

ಮೊದಲನೆಯದು ಕ್ಯಾಲಿಪರಿನ ನೆತ್ತಿಗೂ ರಿಮ್ಮಿನ ಪೀಪಾಯಿಯಂಥ ಭಾಗಕ್ಕೂ, ಅಂದರೆ ಬ್ಯಾರೆಲ್ಲಿನ ಒಳಮೈಗೂ, ನಡುವೆ ಇರುವ ಸಂದು. ಎರಡನೆಯದು ಕ್ಯಾಲಿಪರಿನ ಹೊರಮುಖಕ್ಕೂ ಸ್ಪೋಕುಗಳ ಬೆನ್ನಿಗೂ ನಡುವಿನ ಸಂದು. 18 ಇಂಚಿನ ಚಕ್ರವೆಂದರೆ ಟೈರಿನ ಅಂಚು ಕೂರುವ ಜಾಗದ ವ್ಯಾಸ 457.2 ಮಿ.ಮೀ.; ತ್ರಿಜ್ಯ 228.6 ಮಿ.ಮೀ. ಇತ್ತ 355 ಮಿ.ಮೀ. ಡಿಸ್ಕಿನ ತ್ರಿಜ್ಯ 177.5 ಮಿ.ಮೀ.; ಅದರ ಮೇಲೆ ಕ್ಯಾಲಿಪರಿನ ಸೇತುವೆಯಂಥ ಭಾಗ 28 ಮಿ.ಮೀ. ಎದ್ದಿದೆ ಎಂದಿಟ್ಟುಕೊಂಡರೆ ಒಟ್ಟು ಸುಮಾರು 205 ಮಿ.ಮೀ. ಆಗುತ್ತದೆ. ಕಾಗದದ ಮೇಲೆ 23 ಮಿ.ಮೀ. ಉಳಿದಂತೆ ಕಾಣುತ್ತದೆ. ಆದರೆ ಬ್ಯಾರೆಲ್ಲಿನ ಗೋಡೆಗೆ ತನ್ನದೇ ದಪ್ಪವಿದೆ; ಜೊತೆಗೆ ಟೈರನ್ನು ಏರಿಸಲು ಅನುವಾಗಲೆಂದು ಬ್ಯಾರೆಲ್ಲಿನಲ್ಲಿ ಒಂದು ತಗ್ಗು ಪಟ್ಟಿಯನ್ನು ಬಿಟ್ಟಿರುತ್ತಾರೆ. ಹೊರಗಿನಿಂದ ಅದು ತಗ್ಗು, ಒಳಗಿನಿಂದ ಅದೇ ಉಬ್ಬು. ಆ ಉಬ್ಬು ಕ್ಯಾಲಿಪರಿನ ನೇರಕ್ಕೆ ಬಂದರೆ 23 ಮಿ.ಮೀ. ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ನಾನು ಈ ಪಾಠವನ್ನು ಎರಡನೆಯ ಸಂದಿನಿಂದ ಕಲಿತೆ. ಮಾರಿದವರು ಖಂಡಿತ ಕೂರುತ್ತದೆ ಎಂದಿದ್ದರು. ನಾನು ಟೈರು ಏರಿಸಿ, ಗಾಳಿ ತುಂಬಿಸಿ, ಸಮತೋಲನ ಮಾಡಿಸಿಯೇ ಚಕ್ರವನ್ನು ಮನೆಗೆ ತಂದೆ. ಹಬ್ಬಿಗೆ, ಅಂದರೆ ಕಾರಿನಲ್ಲಿ ಚಕ್ರವನ್ನು ಬಿಗಿಯುವ ನಡುಭಾಗಕ್ಕೆ, ಹಾಕಿ ನಟ್ಟು ಬಿಗಿದಾಗ ಚಕ್ರವು ತಿರುಗದೆ ಗಟ್ಟಿಯಾಗಿ ನಿಂತಿತು. ಬ್ಯಾರೆಲ್ಲಿನೊಳಗೆ ಬೆರಳು ತೂರುವಷ್ಟು ಜಾಗವಿತ್ತು. ಆದರೆ ಒಂದು ಸ್ಪೋಕು ಕ್ಯಾಲಿಪರಿನ ಮುಖಕ್ಕೆ ಒತ್ತಿಕೊಂಡು ಕುಳಿತಿತ್ತು. ಟೈರು ಏರಿಸಿದ ಚಕ್ರವನ್ನು ಯಾರೂ ಮರಳಿ ತೆಗೆದುಕೊಳ್ಳುವುದಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಯಾವ ಚಕ್ರವನ್ನೂ ಬರಿದಾಗಿ ಹಾಕಿ ನೋಡದೆ ಟೈರಿನ ಅಂಗಡಿಗೆ ಒಯ್ದಿಲ್ಲ.

ಆಫ್‌ಸೆಟ್ ಹೇಳುವುದು ಮತ್ತು ಹೇಳದಿರುವುದು

ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖದವರೆಗಿನ ದೂರವೇ ಆಫ್‌ಸೆಟ್. ಚಕ್ರದ ಮೇಲೆ ಅದನ್ನು ಇಟಿ ಎಂಬ ಎರಡಕ್ಷರದ ಮುಂದೆ ಮಿ.ಮೀ.ನಲ್ಲಿ ಕೆತ್ತಿರುತ್ತಾರೆ. ಅಗಲ ಒಂದೇ ಆಗಿದ್ದು 45ರ ಬದಲು 35ರ ಚಕ್ರ ಹಾಕಿದರೆ ಚಕ್ರವು 10 ಮಿ.ಮೀ. ಹೊರಗೆ ಸರಿಯುತ್ತದೆ. ಆಫ್‌ಸೆಟ್ ಬದಲಿಸದೆ ಅಗಲವನ್ನು 8 ಇಂಚಿನಿಂದ 9 ಇಂಚಿಗೆ ಏರಿಸಿದರೆ ಒಳಗೂ ಹೊರಗೂ ತಲಾ 12.7 ಮಿ.ಮೀ. ಬೆಳೆಯುತ್ತದೆ. ಇಷ್ಟು ಲೆಕ್ಕ ಟೈರು ಮಡ್‌ಗಾರ್ಡಿಗೆ ತಾಗುತ್ತದೆಯೇ, ಒಳಗೆ ಸಸ್ಪೆನ್ಷನ್ನಿನ ಸ್ಟ್ರಟ್ಟಿಗೆ ತಾಗುತ್ತದೆಯೇ ಎಂದು ತಿಳಿಯಲು ಸಾಕು. ಕ್ಯಾಲಿಪರಿನ ಪ್ರಶ್ನೆಗೆ ಸಾಲದು.

ಏಕೆಂದರೆ ಸ್ಪೋಕಿನ ಬೆನ್ನು ಎಲ್ಲಿದೆ ಎಂಬುದನ್ನು ನಿರ್ಧರಿಸುವುದು ಕೂರುವ ಮುಖದಿಂದ ಸ್ಪೋಕು ಎಷ್ಟು ಹೊರಕ್ಕೆ ಬಾಗಿದೆ ಎಂಬ ಅಂಶ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ಚಕ್ರಗಳನ್ನು ಬೇರೆ ಬೇರೆ ಆಫ್‌ಸೆಟ್ಟಿಗೆ ತರಲು ಕಾರ್ಖಾನೆಯಲ್ಲಿ ಕೂರುವ ಮುಖವನ್ನು ಹೆಚ್ಚು ಅಥವಾ ಕಡಿಮೆ ಹೆರೆಯುತ್ತಾರೆ. ಹೆಚ್ಚು ಹೆರೆದ ಚಕ್ರದ ಇಟಿ ಸಂಖ್ಯೆ ದೊಡ್ಡದಾಗುತ್ತದೆ, ಅದರ ಸ್ಪೋಕು ಅಷ್ಟೇ ಪ್ರಮಾಣದಲ್ಲಿ ಕ್ಯಾಲಿಪರಿನತ್ತ ಸರಿಯುತ್ತದೆ. ಇದರಿಂದ ಇಟಿ ಸಂಖ್ಯೆ ಚಿಕ್ಕದಾದಷ್ಟೂ ಜಾಗ ಹೆಚ್ಚುತ್ತದೆ ಎಂದು ಅನೇಕರು ಸೂತ್ರ ಮಾಡಿಕೊಂಡಿದ್ದಾರೆ. ಆದರೆ ಬಟ್ಟಲಿನಂತೆ ಒಳಕ್ಕೆ ಕುಸಿದ ಮುಖದ ಚಕ್ರಗಳಲ್ಲಿ ಈ ಸೂತ್ರ ಕೈಕೊಡುತ್ತದೆ: ಇಟಿ ಕಡಿಮೆಯಾದಂತೆ ಸಿಗುವ ಜಾಗವನ್ನೆಲ್ಲ ವಿನ್ಯಾಸಕಾರರು ಮುಖವನ್ನು ಇನ್ನಷ್ಟು ಆಳವಾಗಿಸಲು ಬಳಸಿರುತ್ತಾರೆ, ಕ್ಯಾಲಿಪರಿಗೆ ಏನೂ ಉಳಿಯುವುದಿಲ್ಲ. ಒಂದೇ ಹೆಸರಿನ, ಒಂದೇ ಅಗಲದ ಚಕ್ರವನ್ನೇ ಎರಡು ಮೂರು ಬಗೆಯ ಮುಖಗಳಲ್ಲಿ ತಯಾರಿಸುವವರೂ ಇದ್ದಾರೆ. ಆದ್ದರಿಂದ ಬೇರೆ ಯಾರದೋ ಕಾರಿನಲ್ಲಿ ಅದೇ ಹೆಸರಿನ ಚಕ್ರ ಕುಳಿತಿದೆ ಎಂಬುದು ಸಾಕ್ಷ್ಯವಾಗುವುದಿಲ್ಲ. ಅಗಲ, ಇಟಿ, ಮುಖದ ಬಗೆ ಈ ಮೂರೂ ಒಂದೇ ಆಗಿರಬೇಕು, ಬ್ರೇಕೂ ಅದೇ ಆಗಿರಬೇಕು.

ಬೋಲ್ಟುಗಳ ವೃತ್ತ ಮತ್ತು ನಡುವಿನ ರಂಧ್ರದ ವಿಷಯವನ್ನು ಬೇಗ ಮುಗಿಸಬಹುದು. 5×112 (ಐದು ಬೋಲ್ಟು, 112 ಮಿ.ಮೀ. ವ್ಯಾಸದ ವೃತ್ತ) ಮತ್ತು 5×114.3 ಕಣ್ಣಿಗೆ ಒಂದೇ ಎನಿಸಿದರೂ ಒಂದರ ಬದಲು ಇನ್ನೊಂದನ್ನು ಎಳೆದು ಬಿಗಿಯಬಾರದು. ನಡುರಂಧ್ರವು ಹಬ್ಬಿನ ಅಂಚಿಗಿಂತ ದೊಡ್ಡದಿದ್ದರೆ ನಡುವೆ ಉಂಗುರ ಬೇಕು. ಬ್ರೇಕು ಬಹಳ ಕಾಯುವ ಕಾರಿಗೆ ಪ್ಲಾಸ್ಟಿಕ್ಕಿನದಕ್ಕಿಂತ ಅಲ್ಯೂಮಿನಿಯಮ್ ಉಂಗುರವೇ ಲೇಸು.

ರಟ್ಟಿನ ಅಚ್ಚು

ಬ್ರೆಂಬೋದಂಥ ಬ್ರೇಕ್ ತಯಾರಕರು ತಮ್ಮ ಕಿಟ್‌ಗಳಿಗೆ ಕ್ಯಾಲಿಪರಿನ ಅಡ್ಡನೋಟವನ್ನು ನಿಜ ಅಳತೆಯ ನಕ್ಷೆಯಾಗಿ ಕೊಡುತ್ತಾರೆ. ಅದನ್ನು ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತಪ್ಪದೆ ತೆಗೆದುಹಾಕಿರಿ. ನಕ್ಷೆಯಲ್ಲಿ ಒಂದು ಅಳತೆಪಟ್ಟಿ ಇರುತ್ತದೆ, ಮುದ್ರಿಸಿದ ಮೇಲೆ ಅದರ ಮೇಲೆ ಉಕ್ಕಿನ ಸ್ಕೇಲನ್ನು ಇಟ್ಟು ಪರೀಕ್ಷಿಸಿರಿ. ನೂರಕ್ಕೆ ಮೂರರಷ್ಟು ಕುಗ್ಗಿದರೂ 200 ಮಿ.ಮೀ. ತ್ರಿಜ್ಯದಲ್ಲಿ 6 ಮಿ.ಮೀ. ಕಳೆದುಹೋಗುತ್ತದೆ, ಅಂದರೆ ನಾವು ಹುಡುಕುತ್ತಿರುವ 3 ಮಿ.ಮೀ. ಸಂದಿನ ಎರಡರಷ್ಟು. ಅಳತೆ ಸರಿಯಿದ್ದರೆ ಕಾಗದವನ್ನು ಗಟ್ಟಿ ರಟ್ಟಿಗೆ ಅಂಟಿಸಿ, ಗೆರೆಯ ಮೇಲೆಯೇ ಕತ್ತರಿಸಿರಿ.

ಬ್ರೇಕು ಈಗಾಗಲೇ ಕಾರಿನಲ್ಲಿದ್ದು ನಕ್ಷೆ ಸಿಗದಿದ್ದರೆ ಅಚ್ಚನ್ನು ನೀವೇ ಮಾಡಿಕೊಳ್ಳಬಹುದು. ಚಕ್ರ ಬಿಚ್ಚಿ, ಡಿಸ್ಕಿನ ನಡುವಿನ ಟೊಪ್ಪಿಯಂಥ ಭಾಗದ ಮುಖಕ್ಕೆ ಒಂದು ನೇರ ಪಟ್ಟಿಯನ್ನು ಅಡ್ಡಲಾಗಿ ಹಿಡಿಯಿರಿ. ಚಕ್ರ ಕೂರುವುದು ಆ ಮುಖದ ಮೇಲೆಯೇ. ಅದರಿಂದ ಕ್ಯಾಲಿಪರಿನ ಮುಖ ಎಷ್ಟು ಹೊರಗೆ ಚಾಚಿದೆ, ಆ ಚಾಚು ಹಬ್ಬಿನ ನಡುವಿನಿಂದ ಎಷ್ಟು ದೂರದಲ್ಲಿದೆ, ಕ್ಯಾಲಿಪರಿನ ಅತಿ ಎತ್ತರದ ಬಿಂದು ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬ ಮೂರು ಅಳತೆಗಳನ್ನು ಬರೆದುಕೊಳ್ಳಿರಿ. ನಂತರ ರಟ್ಟನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಕ್ಯಾಲಿಪರಿನ ಮೈಗೆ ಒಪ್ಪುವಂತೆ ಮಾಡಿರಿ. ಗಾಳಿ ಬಿಡುವ ನಿಪ್ಪಲ್ಲು, ಪ್ಯಾಡ್ ಹಿಡಿಯುವ ಪಿನ್ನಿನ ತಲೆ, ಕ್ಯಾಲಿಪರಿನ ಎರಡು ಭಾಗಗಳನ್ನು ಜೋಡಿಸುವ ಸಣ್ಣ ಕೊಳವೆ ಇವುಗಳನ್ನು ಮರೆಯಬಾರದು. ಮೈಗಿಂತ ಮುಂದೆ ಚಾಚಿರುವುದು ಹಲವು ಬಾರಿ ಇವೇ. ಒಂದೇ ಬದಿಯಲ್ಲಿ ಪಿಸ್ಟನ್ ಇರುವ, ಜಾರುವ ಬಗೆಯ ಕ್ಯಾಲಿಪರ್ ನಿಮ್ಮದಾಗಿದ್ದರೆ ಹೊಸ ಪ್ಯಾಡ್ ಹಾಕಿಯೇ ಅಳೆಯಿರಿ. ಪ್ಯಾಡ್ ಸವೆದಂತೆ ಅದರ ಮೈ ಒಳಕ್ಕೆ ಸರಿದಿರುತ್ತದೆ. ಹಳೆಯ ಪ್ಯಾಡಿನ ಮೇಲೆ ಕಂಡ ಸಂದು ಹೊಸ ಪ್ಯಾಡ್ ಹಾಕಿದ ದಿನ ಉಳಿಯುವುದಿಲ್ಲ.

ಚಕ್ರವನ್ನು ಕಂಬಳಿಯ ಮೇಲೆ ಮುಖ ಕೆಳಗಾಗಿ ಮಲಗಿಸಿ, ಅಚ್ಚಿನ ಕೂರುವ ಗೆರೆಯನ್ನು ಚಕ್ರದ ಕೂರುವ ಮುಖಕ್ಕೂ ನಡುಗೆರೆಯನ್ನು ರಂಧ್ರದ ನಡುವಿಗೂ ಸರಿಹೊಂದಿಸಿ, ಪೂರ್ತಿ ಒಂದು ಸುತ್ತು ತಿರುಗಿಸಿರಿ. ಪ್ರತಿ ಸ್ಪೋಕಿನ ಮೇಲೂ, ವಿಶೇಷವಾಗಿ ಸ್ಪೋಕು ಬ್ಯಾರೆಲ್ಲಿಗೆ ಸೇರುವ ಮೂಲೆಯಲ್ಲಿ, ನಿಂತು ನೋಡಿರಿ. ಎರಕದ ಲೋಹ ದಪ್ಪನಾಗಿ ತುಂಬಿಕೊಂಡಿರುವುದು ಅಲ್ಲಿಯೇ. ಸ್ಪೋಕಿನ ಕಡೆ ಕನಿಷ್ಠ 3 ಮಿ.ಮೀ. ಬೇಕು, ಟ್ರ್ಯಾಕಿನಲ್ಲಿ ಓಡಿಸುವ ಕಾರಾದರೆ ನಾನು 4ಕ್ಕಿಂತ ಕಡಿಮೆಯನ್ನು ಒಪ್ಪುವುದಿಲ್ಲ. ತಿರುವಿನಲ್ಲಿ ಭಾರ ಬಿದ್ದಾಗ ಚಕ್ರವೂ ಹಬ್ಬೂ ಬೇರಿಂಗೂ ತುಸು ಬಾಗುತ್ತವೆ, ಕಾದ ಕ್ಯಾಲಿಪರ್ ಹಿಗ್ಗುತ್ತದೆ. ನಿಂತ ಕಾರಿನಲ್ಲಿ ಕಂಡ ಸಂದು ಓಡುವ ಕಾರಿನಲ್ಲಿ ಅಷ್ಟೇ ಇರುವುದಿಲ್ಲ.

ಕಾರಿನ ಮೇಲೆ ಪರೀಕ್ಷೆ

ಅಚ್ಚು ಒಪ್ಪಿದ ಮೇಲೂ ಬರಿಯ ಚಕ್ರವನ್ನು ಕಾರಿಗೆ ಹಾಕಿ ನೋಡಬೇಕು. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕಿನಿಂದ ಎತ್ತಿ, ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿರಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ಬೇರಿಂಗಿನಲ್ಲಿ ಸಡಿಲವಿಲ್ಲವೆಂದು ಖಚಿತಪಡಿಸಿಕೊಂಡೇ ಹಳೆಯ ಚಕ್ರವನ್ನು ಬಿಚ್ಚಿರಿ. ಡಿಸ್ಕಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆಯಿರಿ. ನಟ್ಟು ಹಾಕುವ ಸ್ಟಡ್ಡುಗಳ ಮೇಲೆ ಕಾರ್ಖಾನೆಯ ತೆಳು ತಗಡಿನ ಕ್ಲಿಪ್ಪುಗಳು ಉಳಿದಿದ್ದರೆ ಅವನ್ನೂ ತೆಗೆಯಿರಿ. ಹಳೆಯ ಚಕ್ರದ ಬೆನ್ನಿನಲ್ಲಿ ಅವಕ್ಕೆ ತಗ್ಗು ಇರುತ್ತಿತ್ತು, ಹೊಸದರಲ್ಲಿ ಇಲ್ಲದಿರಬಹುದು.

ಈಗ ಮಕ್ಕಳು ಆಟಕ್ಕೆ ಬಳಸುವ ಮೆದು ಮಣ್ಣನ್ನು ತೆಗೆದುಕೊಂಡು ಕಡಲೆಕಾಳಿಗಿಂತ ತುಸು ದೊಡ್ಡ ಉಂಡೆಗಳನ್ನು ಮಾಡಿ, ಕ್ಯಾಲಿಪರಿನ ಮುಖದ ಮೇಲೆ ನಾಲ್ಕೈದು ಕಡೆ, ನೆತ್ತಿಯ ಎರಡೂ ಅಂಚುಗಳಲ್ಲಿ ಮತ್ತು ನಿಪ್ಪಲ್ಲಿನ ಬಳಿ ಅಂಟಿಸಿರಿ. ಸ್ಪೋಕುಗಳ ಬೆನ್ನಿಗೆ ಒಂದು ಹನಿ ಎಣ್ಣೆ ಸವರಿದರೆ ಮಣ್ಣು ಅತ್ತ ಅಂಟಿಕೊಳ್ಳುವುದಿಲ್ಲ. ಕೂರುವ ಮುಖಕ್ಕೂ ಡಿಸ್ಕಿಗೂ ಮಾತ್ರ ಆ ಎಣ್ಣೆ ತಾಗಬಾರದು. ಚಕ್ರವನ್ನು ನೇರವಾಗಿ ತೂರಿಸಿ, ಎಲ್ಲ ನಟ್ಟುಗಳನ್ನೂ ಕೈಯಿಂದ ಹಾಕಿ, ಎದುರುಬದುರಾಗಿ ಪಾನಾದಿಂದ ಮೆಲ್ಲಗೆ ಬಿಗಿದು, ಎರಡು ಸುತ್ತು ನಿಧಾನವಾಗಿ ತಿರುಗಿಸಿರಿ. ಬಿಚ್ಚಿ ನೋಡಿದಾಗ ತಾಗಿದ ಉಂಡೆಗಳ ತಲೆ ಚಪ್ಪಟೆಯಾಗಿರುತ್ತದೆ. ಬ್ಲೇಡಿನಿಂದ ಒಂದೊಂದನ್ನೂ ನಡುವೆ ಸೀಳಿ, ಉಳಿದ ದಪ್ಪವನ್ನು ವರ್ನಿಯರಿನಿಂದ ಅಳೆಯಿರಿ. ಕಳೆದ ಸಲ ನನ್ನ ಕಾರಿನಲ್ಲಿ ಮುಖದ ಮೇಲಿನ ನಾಲ್ಕು ಉಂಡೆಗಳು 5 ಮಿ.ಮೀ.ಗಿಂತ ದಪ್ಪ ಉಳಿದಿದ್ದವು, ಕೆಳಗಿನ ಪಿನ್ನಿನ ತಲೆಯ ಮೇಲಿನದು ಮಾತ್ರ 1.8 ಮಿ.ಮೀ.ಗೆ ಇಳಿದು ವೀಳ್ಯದೆಲೆಯಂತೆ ಹರಡಿಕೊಂಡಿತ್ತು. ಕಣ್ಣಿನಿಂದ ಇಣುಕಿ ನೋಡಿದ್ದರೆ ಅದು ಎಂದೂ ಕಾಣುತ್ತಿರಲಿಲ್ಲ.

ಹಿಂದಿನ ಚಕ್ರಗಳಿಗೂ ಇದನ್ನೇ ಮಾಡಿರಿ. ಎಲ್ಲರ ಗಮನ ಮುಂದಿನ ದೊಡ್ಡ ಕ್ಯಾಲಿಪರಿನ ಮೇಲೆಯೇ ಇರುವುದರಿಂದ ಹಿಂದಿನದು ಪರೀಕ್ಷೆ ತಪ್ಪಿಸಿಕೊಳ್ಳುತ್ತದೆ.

ಸಂದು ಸಾಲದಿದ್ದರೆ

ಕ್ಯಾಲಿಪರನ್ನು ಉಜ್ಜಿ ತೆಳುವಾಗಿಸಲು, ಸ್ಪೋಕಿನ ಬೆನ್ನನ್ನು ಗ್ರೈಂಡರಿನಿಂದ ಕೆರೆಯಲು ಹೇಳುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿರಿ. ಒಂದರಲ್ಲಿ ಬ್ರೇಕಿನ ಒತ್ತಡವನ್ನು ತಡೆಯುವ ಲೋಹ ಹೋಗುತ್ತದೆ, ಇನ್ನೊಂದರಲ್ಲಿ ಕಾರಿನ ಭಾರ ಹೊರುವ ಲೋಹ ಹೋಗುತ್ತದೆ.

ಸ್ಪೋಕಿನ ಕಡೆ ಮಾತ್ರ ಕೊರತೆಯಿದ್ದರೆ ಸ್ಪೇಸರ್ (ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ) ಒಂದು ದಾರಿ, 3 ಮಿ.ಮೀ. ಸ್ಪೇಸರ್ ಅಲ್ಲಿ ಸರಿಯಾಗಿ 3 ಮಿ.ಮೀ. ಕೊಡುತ್ತದೆ. ಬ್ಯಾರೆಲ್ಲಿನ ಕಡೆಯ ಕೊರತೆಯನ್ನು ಸ್ಪೇಸರಿನಿಂದ ನೀಗಿಸಲು ಹೋಗಬೇಡಿರಿ, ಬೇರೆ ಚಕ್ರ ಹುಡುಕಿರಿ. ಸ್ಪೇಸರ್ ಹಾಕಿದಾಗ ಎರಡು ಸಂಗತಿಗಳು ಕೆಡುತ್ತವೆ. ಚಕ್ರವನ್ನು ನಡುವಿನಲ್ಲಿ ಹಿಡಿದಿಡುವ ಹಬ್ಬಿನ ಅಂಚು ಸ್ಪೇಸರಿನ ದಪ್ಪದಷ್ಟು ಗಿಡ್ಡವಾಗುತ್ತದೆ; ಚಕ್ರಕ್ಕೆ ಅದು ಸಿಗದೇ ಹೋದರೆ ತನ್ನದೇ ಅಂಚಿರುವ ದಪ್ಪ ಸ್ಪೇಸರ್ ಬೇಕು. ನಟ್ಟು ಹಿಡಿಯುವ ಥ್ರೆಡ್ಡೂ ಅಷ್ಟೇ ಕಡಿಮೆಯಾಗುತ್ತದೆ. ಸ್ಟಡ್ಡಿನ ವ್ಯಾಸದಷ್ಟಾದರೂ ಉದ್ದ ಥ್ರೆಡ್ ಹಿಡಿದಿರಬೇಕು ಎಂಬುದು ನಿಯಮ: ಎಂ12×1.5 ಸ್ಟಡ್ಡಿಗೆ (ವ್ಯಾಸ 12 ಮಿ.ಮೀ., ಒಂದು ಸುತ್ತಿಗೆ 1.5 ಮಿ.ಮೀ.) 8 ಪೂರ್ತಿ ಸುತ್ತು, ಎಂ14×1.5ಕ್ಕೆ 9ಕ್ಕಿಂತ ಹೆಚ್ಚು. ನಟ್ಟು ಹಾಕುವಾಗ ಎಣಿಸಿರಿ. ಕಡಿಮೆ ಬಂದರೆ ಉದ್ದ ಸ್ಟಡ್ಡು ಹಾಕಿಸಿರಿ, ಆದರೆ ತಲೆ ಮುಚ್ಚಿದ ನಟ್ಟು ಉದ್ದ ಸ್ಟಡ್ಡಿನ ತುದಿಗೆ ತಾಗಿ ಬಿಗಿದಂತೆ ಭಾಸವಾಗಬಹುದು ಎಂಬ ಎಚ್ಚರವಿರಲಿ. ಅಂಥಲ್ಲಿ ತೆರೆದ ನಟ್ಟೇ ಸುರಕ್ಷಿತ. ನಟ್ಟಿನ ಕೂರುವ ಮುಖವೂ ಚಕ್ರದ ಗುಣಿಗೆ ಒಪ್ಪಬೇಕು: ಶಂಕುವಿನ ಆಕಾರದ ಗುಣಿಗೆ ಗೋಳಾಕಾರದ ನಟ್ಟು ಹಾಕಿದರೆ ಅದು ಒಂದು ತೆಳು ಗೆರೆಯ ಮೇಲೆ ಮಾತ್ರ ನಿಲ್ಲುತ್ತದೆ, ಓಡುತ್ತಾ ಸಡಿಲವಾಗುತ್ತದೆ.

ಟೈರು ಏರಿಸಿದ ಮೇಲೆ

ಟೈರಿನ ಅಂಗಡಿಗೆ ಹೋಗುವ ಮೊದಲು ಬ್ಯಾರೆಲ್ಲಿನ ಒಳಮೈಯಲ್ಲಿ ಕ್ಯಾಲಿಪರ್ ಸುಳಿಯುವ ಪಟ್ಟಿಯನ್ನು ಮಾರ್ಕರಿನಿಂದ ಗುರುತಿಸಿ, ಸಮತೋಲನದ ಅಂಟುತೂಕಗಳನ್ನು ಆ ಪಟ್ಟಿಯ ಹೊರಗೇ ಹಾಕಬೇಕೆಂದು ನಿಂತು ಹೇಳಿರಿ. ಮೂರು ನಾಲ್ಕು ಮಿ.ಮೀ. ದಪ್ಪದ ಒಂದು ತೂಕವು ನೀವು ಅಷ್ಟು ಶ್ರಮದಿಂದ ಅಳೆದ ಸಂದನ್ನು ಒಂದೇ ಕ್ಷಣದಲ್ಲಿ ನುಂಗುತ್ತದೆ. ಟೈರಿನ ಒಟ್ಟು ವ್ಯಾಸ ಮೂಲಕ್ಕೆ ಹತ್ತಿರವಿರಲಿ: 225/45 ಆರ್17ರ ವ್ಯಾಸ 634.3 ಮಿ.ಮೀ., 225/40 ಆರ್18ರದು 637.2, ಇದು ಒಪ್ಪುವ ವ್ಯತ್ಯಾಸ. 245/40 ಆರ್18 ಆದರೆ 653.2 ಮಿ.ಮೀ. ಆಗಿ ಸ್ಪೀಡೋಮೀಟರಿನ ಲೆಕ್ಕವೂ ಮಡ್‌ಗಾರ್ಡಿನ ಜಾಗವೂ ಒಟ್ಟಿಗೆ ಕೆಡುತ್ತವೆ.

ನಟ್ಟುಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ, ಒಣ ಥ್ರೆಡ್ಡಿನ ಮೇಲೆ, ಎದುರುಬದುರಾಗಿ ಬಿಗಿಯಿರಿ. ಕಾರನ್ನು ನೆಲಕ್ಕಿಳಿಸಿ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿರಿ. ಮೊದಲ 50ರಿಂದ 100 ಕಿ.ಮೀ. ಒಳಗೆ ಮತ್ತೆ ರೆಂಚು ಹಿಡಿಯಿರಿ. ಆಗಲೇ ಒಂದು ಮುಂದಿನ ಚಕ್ರವನ್ನು ಬಿಚ್ಚಿ ಕ್ಯಾಲಿಪರಿನ ಬಣ್ಣದ ಮೇಲೆ ಹೊಳೆಯುವ ಗೀರು ಬಿದ್ದಿದೆಯೇ, ಸಂದಿನಲ್ಲಿ ಸಣ್ಣ ಕಲ್ಲು ಸಿಕ್ಕಿ ಬ್ಯಾರೆಲ್ಲನ್ನು ಕೆತ್ತಿದೆಯೇ ಎಂದು ನೋಡಿರಿ.

ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಅದೇ ದಿನ ಮುಂದಿನ ಹಬ್ಬಿಗೆ ಹಾಕಿ ನೋಡಿರಿ. ಮೂಲ ಬ್ರೇಕಿಗಾಗಿ ಮಾಡಿದ ಆ ಚಿಕ್ಕ ಚಕ್ರವು ದೊಡ್ಡ ಕ್ಯಾಲಿಪರಿನ ಮೇಲೆ ಕೂರದಿರುವ ಸಂಭವವೇ ಹೆಚ್ಚು. ಕೂರದಿದ್ದರೆ, ನಾಲ್ಕೂ ಚಕ್ರಗಳ ಅಳತೆ ಒಂದೇ ಇರುವ ಕಾರಿನಲ್ಲಿ ಮುಂದಿನ ಟೈರು ಪಂಕ್ಚರ್ ಆದಾಗ ಹಿಂದಿನ ಚಕ್ರವನ್ನು ಮುಂದಕ್ಕೆ ಹಾಕಿ ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಬೇಕಾಗುತ್ತದೆ. ಅದು ಹಿಂದಿನ ಕ್ಯಾಲಿಪರಿನ ಮೇಲಾದರೂ ಕೂರುತ್ತದೆಯೇ ಎಂಬುದನ್ನು ಕಾರು ಸ್ಟ್ಯಾಂಡಿನ ಮೇಲಿರುವಾಗಲೇ ಪರೀಕ್ಷಿಸಿ, ಆ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಜಾಕಿನ ಜೊತೆಗೆ ಇಡಿರಿ.