ವೆಬ್‌ಆರ್‌ಟಿಸಿಯಲ್ಲಿ ಕಮಿಟ್ ವಾಪಸ್ ತೆಗೆಯುವುದು

ವೆಬ್‌ಆರ್‌ಟಿಸಿ ಎಂದರೆ ಬ್ರೌಸರ್, ಆ್ಯಪ್‌ಗಳಲ್ಲಿ ಧ್ವನಿ-ವಿಡಿಯೋ ಕರೆ ನಡೆಸುವ ಮುಕ್ತ ತಂತ್ರಾಂಶ. ಅದರ ಜಿಟರ್ ಬಫರ್‌ಗೆ (ಹಿಂದೆಮುಂದೆ ಬರುವ ಧ್ವನಿಯ ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಸಮವಾಗಿ ಬಿಡುವ ಭಾಗ) ನಾನು ಹಾಕಿದ ಒಂದು ಕಮಿಟ್, ಅಂದರೆ ಕೋಡ್ ಬದಲಾವಣೆ, ಒಳಗೆ ಹೋದ ಮೇಲೆ, ನೆಟ್‌ವರ್ಕ್ ಸ್ವಲ್ಪ ಏರುಪೇರಾದರೂ ಧ್ವನಿ ತುಂಡುತುಂಡಾಗಿ ಬರತೊಡಗಿತು. ಇಂಥ ಹೊತ್ತಿನಲ್ಲಿ ಸರಿಪಡಿಸುತ್ತಾ ಕೂರಬೇಡಿ, ಮೊದಲು ವಾಪಸ್ ತೆಗೆಯಿರಿ. ಮುಖ್ಯ ಬ್ರಾಂಚನ್ನು, ಅಂದರೆ ಎಲ್ಲರೂ ಹಂಚಿಕೊಳ್ಳುವ ಕೋಡನ್ನು, ಎಷ್ಟೋ ಜನ ನಂಬಿಕೊಂಡಿರುತ್ತಾರೆ.

ತಪ್ಪು ಯಾವ ಕಮಿಟ್‌ನದು ಎಂದು ಗೊತ್ತಿಲ್ಲವೇ? ಗಿಟ್ ಬೈಸೆಕ್ಟ್ ಹಚ್ಚಿ; ಅದು ಪ್ರತಿ ಸಲವೂ ಹುಡುಕುವ ಕಮಿಟ್‌ಗಳನ್ನು ಅರ್ಧಕ್ಕೆ ಇಳಿಸುತ್ತದೆ. ಸಾವಿರ ಕಮಿಟ್ ಇದ್ದರೂ ಸುಮಾರು 10 ಸಲ ಪರೀಕ್ಷಿಸಿದರೆ ಸಿಗುತ್ತದೆ. ಆಮೇಲೆ ಗೆರಿಟ್‌ನಲ್ಲಿ (ಕೋಡ್ ರಿವ್ಯೂ ನಡೆಯುವ ಜಾಲತಾಣ) ಆ ಬದಲಾವಣೆಯನ್ನು ತೆರೆದು ‘ರಿವರ್ಟ್’ ಒತ್ತಿ. ಅದೇ ಸಾಲುಗಳನ್ನು ನಂತರ ಬೇರೆಯವರು ಮುಟ್ಟಿದ್ದರೆ ಕಾನ್‌ಫ್ಲಿಕ್ಟ್, ಅಂದರೆ ಎರಡು ಬದಲಾವಣೆಗಳ ತಿಕ್ಕಾಟ, ಬರುತ್ತದೆ. ಆಗ ನಿಮ್ಮ ಕಂಪ್ಯೂಟರಿನಲ್ಲೇ ಹೊಸ ಬ್ರಾಂಚ್ ಮಾಡಿ, ‘ಗಿಟ್ ರಿವರ್ಟ್’ ಆಜ್ಞೆ ಕೊಟ್ಟು, ತಿಕ್ಕಾಟವನ್ನು ಕೈಯಾರೆ ಬಿಡಿಸಿ, ‘ಗಿಟ್ ಸಿಎಲ್ ಅಪ್‌ಲೋಡ್’ ಆಜ್ಞೆಯಿಂದ ಗೆರಿಟ್‌ಗೆ ಕಳಿಸಿ.

ವಾಪಸ್ ತೆಗೆಯುವ ಕಾರಣ ಬರೆಯುವಲ್ಲಿ ಮಾತ್ರ ಜಿಪುಣತನ ಬೇಡ. ‘ಕೆಲಸ ಮಾಡುತ್ತಿಲ್ಲ’ ಎಂದರೆ ಯಾರಿಗೂ ಉಪಯೋಗವಿಲ್ಲ. ನಾನು ಬರೆದದ್ದು ಹೀಗೆ: ‘20 ಮಿಲಿಸೆಕೆಂಡ್‌ನ ಪ್ಯಾಕೆಟ್‌ಗಳು ಸಾಲಾಗಿ ತಡವಾದರೆ ಬಫರ್ ಖಾಲಿಯಾಗುತ್ತಿದೆ, ಆಂಡ್ರಾಯ್ಡ್‌ನಲ್ಲಿ ಮಾತ್ರ.’ ಜೊತೆಗೆ ಬಗ್ ಸಂಖ್ಯೆ ಹಾಕಿದೆ. ಕೋಡ್ ಬೇರೆಯವರದಾದರೆ ಅವರನ್ನೇ ರಿವ್ಯೂಗೆ ಸೇರಿಸಿ. ಅವರ ಶ್ರಮಕ್ಕೆ ಅಷ್ಟು ಮರ್ಯಾದೆ ಸಲ್ಲಲೇಬೇಕು.

ತಪ್ಪು ತಿದ್ದಿ ಆ ಬದಲಾವಣೆಯನ್ನು ಮತ್ತೆ ಸೇರಿಸುವಾಗ ಶೀರ್ಷಿಕೆ ‘ರೀಲ್ಯಾಂಡ್’ ಎಂದು ಶುರುವಾಗಲಿ. ಮೊದಲ ಪ್ಯಾಚ್‌ಸೆಟ್‌ನಲ್ಲಿ (ಗೆರಿಟ್‌ಗೆ ಕಳಿಸುವ ಒಂದೊಂದು ಆವೃತ್ತಿಯೂ ಒಂದು ಪ್ಯಾಚ್‌ಸೆಟ್) ಹಳೆಯದನ್ನು ಹಾಗೇ ಇಟ್ಟು, ಎರಡನೆಯದರಲ್ಲಿ ತಿದ್ದುಪಡಿ ಹಾಕಿ. ರಿವ್ಯೂ ಮಾಡುವವರಿಗೆ ಹೊಸದೇನೆಂದು ಕಣ್ಣಿಗೆ ಬೀಳುತ್ತದೆ.