ಬೆಳ್ಳಿ ರೂಪಾಯಿಯ ಮೈ ನೋಡಿ ಬಿಡ್ ಹಾಕುವುದು: ಆನ್‌ಲೈನ್ ಹರಾಜಿನ ನನ್ನ ಅನುಭವ

ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ನಮ್ಮ ಕಡೆ ಹಳೇ ಮನೆಗಳಲ್ಲಿ ಈಗಲೂ ಸಿಗುತ್ತದೆ. ಟಂಕಸಾಲೆಯಿಂದ ಬಂದ ಹಾಗೇ ಉಳಿದದ್ದು ಮಾತ್ರ ಅಪರೂಪ. ವರಮಹಾಲಕ್ಷ್ಮಿ ಹಬ್ಬಕ್ಕೋ ದೀಪಾವಳಿಯ ಪೂಜೆಗೋ ಹೊರಗೆ ತೆಗೆದಾಗಲೆಲ್ಲ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿರುತ್ತಾರೆ. ಕೆಲವಕ್ಕೆ ಕೊಂಡಿ ಬೆಸೆದು ಸರ ಮಾಡಿಸಿರುತ್ತಾರೆ. ಮನೆಯವರು ಪ್ರೀತಿಯಿಂದಲೇ ಮಾಡಿದ ಕೆಲಸ ಅದು. ಆದರೆ ಹಾಗೆ ಉಜ್ಜಿದ ನಾಣ್ಯದ ಮೇಲ್ಮೈ ಮತ್ತೆ ಬರುವುದಿಲ್ಲ, ಸಂಗ್ರಾಹಕರು ದೊಡ್ಡ ಬೆಲೆ ಕೊಡುವುದು ಆ ಮೇಲ್ಮೈಗೇ. ಹಾಗಾಗಿ ಹರಾಜಿನ ಕ್ಯಾಟಲಾಗ್ ತೆರೆದರೆ ಇಸವಿ, ಅಪರೂಪ ಅನ್ನುವುದೆಲ್ಲ ಆಮೇಲೆ. ಇದನ್ನು ಯಾರಾದರೂ ತಿಕ್ಕಿದ್ದಾರೆಯೇ ಎಂದು ಮೊದಲು ನೋಡುತ್ತೇನೆ.

ಫೋಟೋದಲ್ಲಿ ಅದು ಗೊತ್ತಾಗುತ್ತದೆ, ಕಣ್ಣು ಪಳಗಬೇಕು ಅಷ್ಟೇ. ಖಾಲಿ ಜಾಗ ಬೆಳ್ಳಗೆ ಹೊಳೆಯುತ್ತಾ ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಕೂತಿದ್ದರೆ ಅದು ತಿಕ್ಕಿದ ನಾಣ್ಯ. ಚಿತ್ರವನ್ನು ದೊಡ್ಡದು ಮಾಡಿದಾಗ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಓಡಿದ್ದರೂ ಅಷ್ಟೇ. ಅಂಚಿನ ಗೆರೆಗಳು ಒಂದೇ ಕಡೆ ಮುಚ್ಚಿಹೋಗಿದ್ದರೆ ಅಲ್ಲಿ ಕೊಂಡಿ ಇತ್ತೆಂದು ತಿಳಿಯಬೇಕು. ಒಂದು ಫೋಟೋ ನಂಬಿ ನಾನು ಬಿಡ್ ಹಾಕುವುದಿಲ್ಲ. ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸುವ ವಿಡಿಯೊ ಕಳಿಸಿ ಎಂದು ಹರಾಜಿನವರನ್ನು ಕೇಳುತ್ತೇನೆ, ಹೆಚ್ಚಿನವರು ಕಳಿಸುತ್ತಾರೆ. ಮುಟ್ಟದ ನಾಣ್ಯದ ಮೇಲೆ ಬೆಳಕು ಗಾಡಿಯ ಚಕ್ರದ ಅರೆಗಳಂತೆ ಸುತ್ತುತ್ತದೆ. ಉಜ್ಜಿದ್ದರ ಮೇಲೆ ಬೆಳಕು ಇದ್ದಲ್ಲೇ ನಿಂತಿರುತ್ತದೆ.

ಆಮೇಲೆ ಸವೆತ. ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಎದೆಯ ಮೇಲಿನ ಕಸೂತಿ ಇವೇ ಎತ್ತರದ ಜಾಗಗಳು, ಮೊದಲು ಸವೆಯುವುದೂ ಇವೇ. ಇಲ್ಲಿ ಒಂದು ಸೂಕ್ಷ್ಮವಿದೆ. ಅಚ್ಚು ಸರಿಯಾಗಿ ಬೀಳದೆಯೂ ಕೂದಲಿನ ಎಳೆ ಮಸುಕಾಗಿರಬಹುದು. ಆ ಮಸುಕಿನ ಮೇಲೆ ಮೂಲ ಹೊಳಪು ಇದ್ದರೆ ಅದು ಅಚ್ಚಿನ ದೋಷ. ಹೊಳಪಿಲ್ಲದೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಕೈಯಿಂದ ಕೈಗೆ ಓಡಾಡಿದ ಸವೆತ.

ಗ್ರೇಡಿಂಗ್‌ಗೆ, ಅಂದರೆ ನಾಣ್ಯದ ಸ್ಥಿತಿಗೆ ಅಂಕ ಕೊಡುವುದಕ್ಕೆ, ಬಳಸುವ 70 ಅಂಕದ ಅಳತೆ 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ್ದು. 60ರಿಂದ ಮೇಲಕ್ಕೆ ಚಲಾವಣೆಯ ಸವೆತವಿಲ್ಲದ ನಾಣ್ಯ, 50ರಿಂದ 58 ಅಲ್ಪಸ್ವಲ್ಪ ಸವೆದದ್ದು. ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳು ಅಂಕ ಕೊಟ್ಟು ಸ್ಲ್ಯಾಬ್ ಎನ್ನುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚುತ್ತವೆ. ಉಜ್ಜಿದ ನಾಣ್ಯ ಸಿಕ್ಕರೆ ಅಂಕ ಕೊಡದೆ ‘ಡೀಟೇಲ್ಸ್’ ಎಂದು ಬರೆಯುತ್ತವೆ. ಆ ಒಂದು ಪದಕ್ಕೆ ಬೆಲೆ ಕುಸಿಯುತ್ತದೆ. ನನ್ನ ಅಭಿಪ್ರಾಯದಲ್ಲಿ, ಬೆಳಕು ಚೆನ್ನಾಗಿ ಸುತ್ತುವ 58ರ ರೂಪಾಯಿ ಗೀರು ತುಂಬಿದ 61ಕ್ಕಿಂತ ಮೇಲು. ಸ್ಲ್ಯಾಬ್ ಸಂಖ್ಯೆಯನ್ನು ಆಯಾ ಸಂಸ್ಥೆಯ ತಾಣದಲ್ಲಿ ಹಾಕಿ, ಚಿತ್ರವಿದ್ದರೆ ಗುರುತು ಗುರುತಿಗೂ ತಾಳೆ ನೋಡಿದ ಮೇಲೆಯೇ ಮುಂದಿನ ಮಾತು. ನಕಲಿ ಸ್ಲ್ಯಾಬ್‌ಗಳೂ ಇವೆ.

ದುಬಾರಿ ನಾಣ್ಯದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಆರನೇ ಜಾರ್ಜ್‌ನ 1939ರ ರೂಪಾಯಿಯ ಮೇಲೆ. ಮುಂದಿನ ವರ್ಷದಿಂದ ಬೆಳ್ಳಿಯ ಅಂಶ ಶೇ. 91.7ರಿಂದ ಶೇ. 50ಕ್ಕೆ ಇಳಿಯಿತು, 1939ರದ್ದು ಉಳಿದದ್ದೇ ಕಡಿಮೆ. ಅದಕ್ಕೇ ನಕಲು ಬಹಳ. ತೂಕ 11.66 ಗ್ರಾಂ ಇರಬೇಕು. ನಾಣ್ಯವನ್ನು ದಾರದಲ್ಲಿ ಕಟ್ಟಿ ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 1.13 ಗ್ರಾಂ ಕಡಿಮೆಯಾಗಬೇಕು. 1940ರ ನಾಣ್ಯದ ಇಸವಿ ತಿದ್ದಿದ್ದರೆ 1.22ರ ಆಸುಪಾಸು ಬರುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ 1938ರದ್ದನ್ನು ತಿದ್ದಿ 8ನ್ನು 9 ಮಾಡಿದ್ದರೆ ತೂಕವೂ ಬೆಳ್ಳಿಯೂ ಸರಿಯಾಗಿಯೇ ಇರುತ್ತವೆ! ಆಗ ಉಳಿಯುವುದು ಲೂಪ್ (ಕಣ್ಣಿಗೆ ಹಿಡಿದು ನೋಡುವ ಭೂತಗನ್ನಡಿ) ಒಂದೇ. ಕೊನೆಯ ಅಂಕಿಯ ಸುತ್ತ ಲೋಹ ಕೆರೆದ ಗುರುತಿದೆಯೇ, 9ರ ಬಾಲ ಅಸಲಿ ಎಂದು ಖಚಿತವಾದ ಇನ್ನೊಂದು ನಾಣ್ಯದ ಬಾಲಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಸ್ಲ್ಯಾಬ್ ಇಲ್ಲದ 1939ನ್ನು ಕೈಯಲ್ಲಿ ಹಿಡಿದು ನೋಡದೆ ನಾನು ಕೊಳ್ಳುವುದೇ ಇಲ್ಲ.

ಹಣದ ಲೆಕ್ಕ ಬಿಡ್‌ಗೆ ಮುಂಚೆ ಮುಗಿದಿರಬೇಕು. ಲಾಟ್ (ಹರಾಜಿಗಿಟ್ಟ ನಾಣ್ಯ) 1,00,000 ರೂಪಾಯಿಗೆ ನಿಂತಿತು, ಬಯರ್ಸ್ ಪ್ರೀಮಿಯಂ (ಕೊಂಡವರು ಹರಾಜಿನವರಿಗೆ ಮೇಲೆ ಕೊಡುವ ಶುಲ್ಕ) ಶೇ. 20 ಎಂದುಕೊಳ್ಳಿ. 1,20,000 ಆಯಿತು, ಮೇಲೆ ಜಿಎಸ್‌ಟಿ, ಕೊರಿಯರ್, ವಿಮೆ. ನಾನು ಕೈಗೆ ಬರುವ ಒಟ್ಟು ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಗರಿಷ್ಠ ಬಿಡ್ ಮೊದಲೇ ನಮೂದಿಸಿ ಪರದೆಯ ಮುಂದಿನಿಂದ ಎದ್ದುಬಿಡುತ್ತೇನೆ. ಪಾರ್ಸೆಲ್ ಬಂದಾಗ ಬಿಚ್ಚುವುದನ್ನೆಲ್ಲ ವಿಡಿಯೊ ಮಾಡಿಡುತ್ತೇನೆ.

ಗ್ರೇಡಿಂಗ್‌ಗೆ ಹೊರದೇಶಕ್ಕೆ ಕಳಿಸುವ ಆಸೆ ಇರುವವರು 1972ರ ಪ್ರಾಚ್ಯವಸ್ತು ಕಾಯ್ದೆ ಓದಿಕೊಳ್ಳಬೇಕು. 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ವಿಕ್ಟೋರಿಯಾ ರೂಪಾಯಿಗಳೆಲ್ಲ ಇದರೊಳಗೆ ಬರುತ್ತವೆ, 1939ರದ್ದು ಇನ್ನೂ ಬಂದಿಲ್ಲ.

ಟಿಪ್ಪುವಿನ ನಾಣ್ಯಗಳಿಗೆ ಈ ಅಂಕಗಳ ಅಳತೆ ಅಷ್ಟಾಗಿ ಒಗ್ಗುವುದಿಲ್ಲ. ಅವು ಕೈಯಲ್ಲಿ ಹೊಡೆದವು. ಬಿಲ್ಲೆಗಿಂತ ಅಚ್ಚೇ ದೊಡ್ಡದಾಗಿ ಬರಹದ ಒಂದು ಭಾಗ ಹೊರಗುಳಿಯುವುದು ಮಾಮೂಲು. ಆನೆಯ ಪೈಸೆಯಾಗಲಿ, ಎರಡು ರೂಪಾಯಿಯ ಹೈದರಿಯಾಗಲಿ, ಇಸವಿ ಮತ್ತು ಟಂಕಸಾಲೆಯ ಹೆಸರು ಪೂರ್ತಿ ಓದಲು ಬರುತ್ತದೆಯೇ ಎಂಬುದಕ್ಕೆ ನಾನು ಹಣ ಕೊಡುತ್ತೇನೆ. ಶ್ರೀರಂಗಪಟ್ಟಣದ್ದಾದರೆ ‘ಪಟನ್’ ಎಂದಿರುತ್ತದೆ. ಚಿನಿವಾರರು (ನಾಣ್ಯ ಪರೀಕ್ಷಿಸುತ್ತಿದ್ದ ವ್ಯಾಪಾರಿಗಳು) ಪರೀಕ್ಷೆಗೆ ಒತ್ತಿದ ಸಣ್ಣ ಗುರುತು ನನಗೆ ಕುಂದಲ್ಲ, ಆ ನಾಣ್ಯ ಪೇಟೆಯಲ್ಲಿ ಓಡಾಡಿದ್ದಕ್ಕೆ ಸಾಕ್ಷಿ. ಇಸವಿ ಓದುವಾಗ ಜಾಗ್ರತೆ ಬೇಕು: ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕ್ಯಾಟಲಾಗ್‌ನಲ್ಲಿ ಏನೇ ಬರೆದಿರಲಿ, ಚಿತ್ರ ದೊಡ್ಡದು ಮಾಡಿ ಇಸವಿಯನ್ನು ನಾನೇ ಓದಿಕೊಂಡ ಮೇಲೆ ಬಿಡ್ ಹಾಕುತ್ತೇನೆ.