ಸೂಜಿಮೆಣಸು: ಹಕ್ಕಿ ಹಾಕದಿದ್ದರೂ ಹುಟ್ಟುತ್ತದೆ

"ಸೂಜಿಮೆಣಸನ್ನು ಹಕ್ಕಿಯೇ ಬಿತ್ತಬೇಕು, ಮನುಷ್ಯ ಹಾಕಿದ್ದು ಏಳುವುದಿಲ್ಲ" ಎನ್ನುವವರು ಶಿರಸಿ ಕಡೆ ಈಗಲೂ ಇದ್ದಾರೆ. ಮೂರು ವರ್ಷ ಕೈಸುಟ್ಟುಕೊಂಡ ಮೇಲೆ ನನಗೂ ಹಾಗೇ ಅನ್ನಿಸತೊಡಗಿತ್ತು. ಕಳೆದೆರಡು ಸಲ ಮಾತ್ರ 100 ಬೀಜಕ್ಕೆ 70ರ ಮೇಲೆ ಸಸಿ ಎದ್ದಿವೆ. ನಿಮ್ಮ ಕಡೆ ಇದಕ್ಕೆ ಗಾಂಧಾರಿ, ಜೀರಿಗೆಮೆಣಸು ಎಂದು ಹೆಸರಿರಬಹುದು.

ಮೊದಲ ವರ್ಷ ಅಡುಗೆಮನೆ ಡಬ್ಬಿಯ ಒಣಮೆಣಸಿನಿಂದಲೇ ಬೀಜ ತೆಗೆದೆ. 200ಕ್ಕೆ ಎದ್ದದ್ದು 9. ತಗಡಿನ ಮೇಲೆ ಬಿಸಿಲಿಗೆ ಹರವಿದ ಕಾಯಿಯಲ್ಲಿ ಬೀಜ ಒಳಗೇ ಬೆಂದಿರುತ್ತದೆ. ಎರಡನೇ ವರ್ಷ ಬೀಜ ಸರಿಯಿತ್ತು, ಕಾಲ ತಪ್ಪಿತು. ಡಿಸೆಂಬರ್ ಕೊನೆಯ ಚಳಿಗೆ ಟ್ರೇ ತಣ್ಣಗೆ ಕೂತು 30 ದಿನವಾದರೂ ಮಿಸುಕಲಿಲ್ಲ. ಕೆದಕಿದರೆ ಬೀಜ ಮೆತ್ತಗೆ ಕೊಳೆತಿತ್ತು. ಮೂರನೇ ವರ್ಷ ಚೆನ್ನಾಗಿ ಎದ್ದವು, ಎರಡೆಲೆ ಬಿಟ್ಟವು, ವಾರದೊಳಗೆ ಬುಡ ದಾರದಷ್ಟು ಸಣ್ಣಗಾಗಿ ಸಾಲಾಗಿ ಮಲಗಿದವು. ದಿನಾ ಮೇಲಿಂದ ನೀರು ಚಿಮುಕಿಸಿದ್ದರ ಫಲ ಅದು. ಟ್ರೇ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪೇಟೆಯ ಬೀಜದ ಪ್ಯಾಕೆಟ್ ಎಲ್ಲ ಸೇರಿ 2,500 ರೂಪಾಯಿಯಷ್ಟು ಮಣ್ಣುಪಾಲು.

ಈಗ ಬೀಜಕ್ಕೆ ಆರಿಸುವುದು ಗಿಡದಲ್ಲೇ ಪೂರ್ತಿ ಕೆಂಪಾಗಿ, ಮುಟ್ಟಿದರೆ ತೊಟ್ಟು ಬಿಟ್ಟು ಬರುವ ಹಣ್ಣನ್ನು ಮಾತ್ರ. ನೀರಲ್ಲಿ ಹಿಸುಕಿ ಒಂದು ರಾತ್ರಿ ಬಿಟ್ಟು, ಮರುದಿನ ಟೀ ಜಾಲರಿಯಲ್ಲಿ ತಿಕ್ಕಿ ತೊಳೆಯುತ್ತೇನೆ. ತಿರುಳಿನ ಜಾರು ಹೋಗಿ ಬೀಜ ಬೆರಳಿಗೆ ದೊರಗಾಗಿ ಸಿಗಬೇಕು. ತೇಲಿದ್ದನ್ನು ಚೆಲ್ಲಿ, ಉಳಿದದ್ದನ್ನು ಕಾಗದದ ಮೇಲೆ ನೆರಳಲ್ಲಿ 5-6 ದಿನ ಒಣಗಿಸಬೇಕು. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಉರಿ ಕಡಿಮೆಯಾಗುತ್ತದೆ. ಬಿತ್ತುವ ಹಿಂದಿನ ರಾತ್ರಿ ಉಗುರು ಬೆಚ್ಚನೆಯ ನೀರಲ್ಲಿ ನೆನೆಸುತ್ತೇನೆ. ಆ ನೀರಿಗೆ ಸೇರಿಸುವ ಒಂದು ಚಿಟಿಕೆ ಪದಾರ್ಥ ನನ್ನಲ್ಲೇ ಇರಲಿ. ಅದಿಲ್ಲದೆಯೂ 100ಕ್ಕೆ 60 ಏಳುತ್ತವೆ.

ನಿಜವಾಗಿ ಕೆಲಸ ಮಾಡಿದ್ದು ಬಚ್ಚಲ ಒಲೆ. ಹಂಡೆಯ ಹಿಂದಿನ ಚಿರೆಕಲ್ಲಿನ ಗೋಡೆ ರಾತ್ರಿಯಿಡೀ ಕಾವು ಹಿಡಿದಿರುತ್ತದೆ. ಅಲ್ಲಿ ಹಲಗೆ ಹೊಡೆದು ಟ್ರೇ ಇಟ್ಟೆ. ಥರ್ಮಾಮೀಟರನ್ನು ಟ್ರೇಯ ಮಣ್ಣಿಗೇ ಚುಚ್ಚಿ ನೋಡಬೇಕು, 28-32 ಡಿಗ್ರಿ ಇದ್ದರೆ ಸಾಕು. ಒಲೆಕಟ್ಟೆಯ ಮೇಲೆಯೇ ಇಟ್ಟ ಒಂದು ಟ್ರೇ 42ಕ್ಕೆ ಹೋಗಿ ಪೂರ್ತಿ ಹಾಳಾಯಿತು. ಒಲೆಯಿಲ್ಲದವರು ಮಾರ್ಚ್‌ವರೆಗೆ ಕಾಯುವುದೇ ಲೇಸು.

ಕೋಕೋಪೀಟ್ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಮೇಲೆ ಕುದಿವ ನೀರು ಸುರಿದು, ಆರಿಸಿ ತುಂಬುತ್ತೇನೆ. ಬೀಜ ಅರ್ಧ ಸೆಂಟಿಮೀಟರಿಗಿಂತ ಆಳ ಬೇಡ. ನೀರು ತಳದಿಂದಲೇ: ಟ್ರೇಯನ್ನು ಬೋಗುಣಿಯಲ್ಲಿ 10 ನಿಮಿಷ ಇಟ್ಟು ತೆಗೆದರೆ, ಮೇಲ್ಮಣ್ಣಿನ ಬಣ್ಣ ತಿಳಿಯಾಗುವವರೆಗೆ ಮತ್ತೆ ಮುಟ್ಟುವುದಿಲ್ಲ. ಮೊದಲ ಮೊಳಕೆ 11-12ನೇ ದಿನ, ಕೊನೆಯದು 25ರ ಸುಮಾರಿಗೆ. ತಿಂಗಳಾಗುವ ಮೊದಲು ಟ್ರೇ ಚೆಲ್ಲಬೇಡಿ. ಬಾಗಿದ ಕತ್ತು ಕಂಡ ದಿನವೇ ಬೆಳಕಿಗೆ ತನ್ನಿ, ಒಂದು ದಿನ ತಡವಾದರೂ ಸಸಿ ಸೊಣಕಲಾಗುತ್ತದೆ.

ಹಕ್ಕಿಯ ಮಾತನ್ನೂ ಪರೀಕ್ಷಿಸಿದೆ. ಪಿಕಳಾರಗಳು ಕೂರುವ ಕಟ್ಟೆಯ ಮೇಲಿನ ಹಿಕ್ಕೆಯಿಂದ 20 ಬೀಜ ಆರಿಸಿ ಅದೇ ಹಲಗೆಯ ಮೇಲಿಟ್ಟೆ. 13 ಎದ್ದವು, ಅಂದರೆ ತೊಳೆದ ಬೀಜಕ್ಕಿಂತ ಹೆಚ್ಚೇನಲ್ಲ. ಹಕ್ಕಿಗೆ ಖಾರ ತಾಗುವುದಿಲ್ಲ, ಬೀಜವನ್ನು ಅದು ಅಗಿಯುವುದೂ ಇಲ್ಲ. ತಿರುಳು ಕಳಚಿ ಹಾಕುತ್ತದೆ ಅಷ್ಟೆ. ಹುಳಿಮಜ್ಜಿಗೆಯಲ್ಲಿ ಎರಡು ದಿನ ನೆನೆಸಿದ ಬೀಜಕ್ಕೆ ಬೂಸ್ಟು ಬಂತು. ಬ್ಯಾಡಗಿ ಗಿಡದ ಪಕ್ಕ ಬೆಳೆದ ಗಿಡದ ಬೀಜ ಇಟ್ಟುಕೊಂಡಿದ್ದು ಇನ್ನೊಂದು ತಪ್ಪು: ಪರಾಗ ಬೆರೆತು ಮುಂದಿನ ತಲೆಮಾರಿನಲ್ಲಿ ಕಾಯಿ ಉದ್ದವಾಗಿ ಜೋತುಬಿದ್ದವು, ಖಾರ ಅರ್ಧಕ್ಕಿಳಿಯಿತು. ಸೂಜಿಮೆಣಸಾದರೆ ಕಾಯಿ ಆಕಾಶ ನೋಡಬೇಕು.

ಆರೆಲೆಗೆ ಹಳೆ ಸಿಮೆಂಟ್ ಚೀಲಕ್ಕೆ ಬದಲಿಸುತ್ತೇನೆ. ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು, ಕೆಳಮುಖವಾದರೆ ಮೈಟ್ ನುಸಿ. ಎರಡಕ್ಕೂ ಆರಂಭದಲ್ಲೇ ಬೇವಿನೆಣ್ಣೆ, ಲೀಟರಿಗೆ 5 ಮಿಲಿ, ಸೋಪಿನ ನೀರಿನ ಜೊತೆ. ಮಳೆಗಾಲದಲ್ಲಿ ಚೀಲ ಕಲ್ಲಿನ ಮೇಲಿರಬೇಕು, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಕಳೆದ ಸಲ ಖರ್ಚು 600 ರೂಪಾಯಿ ದಾಟಲಿಲ್ಲ. ಮನುಷ್ಯ ಹಾಕಿದ್ದು ಏಳುವುದಿಲ್ಲ ಎಂದು ನಕ್ಕವರೇ ಸಸಿಗೆ 15 ರೂಪಾಯಿ ಕೊಟ್ಟು 40 ಒಯ್ದರು, ಅಸಲು ಅಲ್ಲಿಗೇ ಬಂತು. ಕಾಯಿ ಮಾರುವ ಲೆಕ್ಕ ಹಾಕುವವರು ಕೊಯ್ಲಿನ ಕೂಲಿಯನ್ನು ಮೊದಲು ಬರೆದುಕೊಳ್ಳಿ: ಗಂಟೆಗೆ 300-400 ಗ್ರಾಂಗಿಂತ ಹೆಚ್ಚು ಕೊಯ್ಯಲಾಗುವುದಿಲ್ಲ, ಒಂದು ಕಿಲೋ ಒಣಮೆಣಸಿಗೆ ಹೆಚ್ಚುಕಡಿಮೆ ನಾಲ್ಕು ಕಿಲೋ ಹಣ್ಣು ಬೇಕು.